ಅಹ್ಮದಿಯಲ್ಲಿ ಒಬ್ಬರು ಕಡಿಮೆ ಬಿದ್ದಾಗ

ಅಹ್ಮದಿ: ಖಾಲಿ ಬೆಂಚು

ಕುವೈತ್ ಎಂದರೆ ಕಾದ ಕಾವಲಿ ಎಂದು ತುಮಕೂರಿನಲ್ಲಿ ಎಲ್ಲರೂ ಹೆದರಿಸಿ ಕಳಿಸಿದ್ದರು. ನಾನೂ ಅದನ್ನು ನಂಬಿ ತೆಳ್ಳನೆಯ ಹತ್ತಿ ಸೀರೆಗಳನ್ನೇ ಆರಿಸಿ ಪೆಟ್ಟಿಗೆ ತುಂಬಿಕೊಂಡು ಹೊರಟೆ. ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟಿದ್ದೇ ತಡ, ಜನವರಿಯ ಗಾಳಿಗೆ ಹಲ್ಲು ಕಟಕಟ ಎನ್ನತೊಡಗಿತು. ಕೆಲಸದಲ್ಲಿದ್ದಷ್ಟು ಕಾಲವೂ ಬೆಳಗಿನ ಚಳಿಯಲ್ಲಿ ಮಕ್ಕಳನ್ನು ಮೈದಾನದಲ್ಲಿ ಓಡಿಸಿದ ಪಿ.ಟಿ. ಮೇಡಂ ನಾನು. ಅಂಥವಳು ಸೆರಗನ್ನು ಕಿವಿಗೆ ಸುತ್ತಿಕೊಂಡು ನಡುಗುವುದನ್ನು ಕಂಡು ನನ್ನ ಅಣ್ಣನ ಮಗಳು ಶ್ವೇತಾ ಬಿದ್ದು ಬಿದ್ದು ನಕ್ಕಳು.

ಅವಳ ಗಂಡ ಹರೀಶ ಕಾರ್ಕಳದವನು, ಅಹ್ಮದಿಯ ಎಣ್ಣೆ ಕಂಪನಿಯೊಂದರಲ್ಲಿ ಕೆಲಸ. ಕಾರಿನ ಡಿಕ್ಕಿಯಿಂದ ತನ್ನ ಡ್ಯೂಟಿ ಜಾಕೆಟ್ಟು ತೆಗೆದು ಕೊಟ್ಟ.

"ಹಾಕ್ಕೊಳ್ಳಿ ಅತ್ತೆ. ಇಲ್ಲದಿದ್ರೆ ನಾಳೆ ಇವಳ ಆಸ್ಪತ್ರೆಯಲ್ಲೇ ನಿಮಗೊಂದು ಬೆಡ್ ನೋಡ್ಬೇಕಾದೀತು ಮಾರಾಯ್ರೆ."

ಬೆನ್ನಿನ ಮೇಲೆ ಹೊಳೆಯುವ ಪಟ್ಟಿಯಿದ್ದ ಆ ಕಿತ್ತಳೆ ಬಣ್ಣದ ಜಾಕೆಟ್ಟು ಕುವೈತಿನಲ್ಲಿದ್ದಷ್ಟು ದಿನ ನನ್ನ ಮೈ ಬಿಡಲಿಲ್ಲ. ದೂರದಿಂದ ನೋಡಿದವರು ರಸ್ತೆ ರಿಪೇರಿಗೆ ಬಂದವಳು ಎಂದುಕೊಂಡಿರಬೇಕು.

ಶ್ವೇತಾಳ ಮಗಳು ಆದ್ಯಾಗೆ ಹನ್ನೆರಡು ವರ್ಷ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಕನ್ನಡದಲ್ಲಿ ಬರುವುದು 'ಅಜ್ಜಿ' ಮತ್ತು 'ಬೇಡ' ಎರಡೇ. ಆ ಹುಡುಗಿ ಬೇಸ್‌ಬಾಲ್ ಆಡುತ್ತಾಳೆ ಎಂದಾಗ ನಾನು ಮೂಗು ಮುರಿದೆ. ನಾನು ಕಲಿಸಿದ್ದು ಖೊ ಖೊ, ಕಬಡ್ಡಿ, ಥ್ರೋಬಾಲ್. ಅಮೆರಿಕದವರ ಆಟ ಈ ಮರಳುಗಾಡಿಗೆ ಯಾಕೆ ಬಂತು, ನಮ್ಮ ಹುಡುಗಿ ಅದಕ್ಕೆ ಯಾಕೆ ಗಂಟುಬಿದ್ದಳು ಎಂದು ಹರೀಶನನ್ನು ಕೇಳಿದೆ. "ನಾಳೆ ಬಂದು ನೋಡಿ, ಆಮೇಲೆ ಬೈಯಿರಿ" ಎಂದ.

ಅಹ್ಮದಿ ನಾನು ಎಣಿಸಿದ ಕುವೈತ್ ಆಗಿರಲಿಲ್ಲ. ಗಾಜಿನ ಗೋಪುರಗಳಿಲ್ಲ. ಸಾಲು ಮರಗಳು, ಅಚ್ಚುಕಟ್ಟಾಗಿ ಕತ್ತರಿಸಿದ ಗಿಡಬೇಲಿಯ ಅಂಗಳಗಳು, ಒಂದೇ ಅಚ್ಚಿನ ಮನೆಗಳು. ಎಣ್ಣೆ ಕಂಪನಿಯವರು ಕಟ್ಟಿದ ಊರು. ನಮ್ಮ ಕೋಲಾರದ ಚಿನ್ನದ ಗಣಿಯ ಹಳೆಯ ಬಂಗಲೆ ಬೀದಿಗಳ ನೆನಪಾಯಿತು. ಊರಿನ ಅಂಚಿನಲ್ಲಿ ತಂತಿಬಲೆಯ ಎತ್ತರದ ಬೇಲಿ, ಅದರೊಳಗೆ ಮೈದಾನ. ಅಲ್ಲಿ ಮಕ್ಕಳ ಅಭ್ಯಾಸ ನಡೆಯುತ್ತಿತ್ತು.

ಆಟ ಕಷ್ಟದ್ದೇನಲ್ಲ. ಒಬ್ಬರು ಎಸೆಯುತ್ತಾರೆ, ಒಬ್ಬರು ಹೊಡೆಯುತ್ತಾರೆ. ಹೊಡೆದವರು ಬ್ಯಾಟು ಬಿಟ್ಟು ಓಡಿ, ದಾರಿಯಲ್ಲಿ ನೆಲಕ್ಕೆ ಹಾಸಿದ ಮೂರು ಚೌಕಗಳನ್ನು, ಅಂದರೆ ಬೇಸ್‌ಗಳನ್ನು ಮುಟ್ಟಿ, ಹೊರಟ ಜಾಗಕ್ಕೇ ವಾಪಸು ಬಂದರೆ ಒಂದು ರನ್. ಇಷ್ಟನ್ನು ಹರೀಶ ಹೇಳಿಕೊಡುವಷ್ಟರಲ್ಲಿ ಒಬ್ಬ ಹುಡುಗನ ಬ್ಯಾಟಿನ ಅಂಚಿಗೆ ತಾಗಿದ ಚೆಂಡು ರೊಯ್ಯನೆ ಹಿಂದಕ್ಕೆ ಹಾರಿತು. ನಾನು ಎದ್ದು ನಿಂತು "ಫೋರ್!" ಎಂದು ಚಪ್ಪಾಳೆ ತಟ್ಟಿದೆ. ಮೈದಾನದಲ್ಲಿ ಬೇರೆ ಯಾರೂ ತಟ್ಟಲಿಲ್ಲ. ಇಲ್ಲಿ ಹಿಂದಕ್ಕೆ ಹೋದ ಚೆಂಡಿಗೆ ಬೆಲೆಯಿಲ್ಲವಂತೆ. ಆದ್ಯಾ ದೂರದಿಂದಲೇ "ಅಜ್ಜಿ, ಬೇಡ!" ಎಂದಳು.

ಕೂರಲು ಜಾಗ ಹುಡುಕಿ ನಾನು ಆಟಗಾರರ ಬೆಂಚಿಗೇ ಹೋಗಿ ಕೂತೆ, ಯಾಕೆಂದರೆ ಅದು ಪೂರ್ತಿ ಖಾಲಿಯಿತ್ತು. ತಂಡವೆಂದರೆ ಬೆಂಚಿನಲ್ಲಿ ಒಂದಿಬ್ಬರಾದರೂ ಕಾಯುತ್ತ ಕೂತಿರಬೇಕು. ಇಲ್ಲಿ ಹಳದಿ ಅಂಗಿಯ ಮಕ್ಕಳನ್ನು ಎಣಿಸಿದರೆ ಎಂಟೇ ಜನ. ಆಡಲು ಬೇಕಾದದ್ದು ಒಂಬತ್ತು. ಒಂಬತ್ತನೆಯವನಾಗಿದ್ದ ಕೊರಿಯಾದ ಹುಡುಗನ ಅಪ್ಪನಿಗೆ ವರ್ಗವಾಗಿ, ಕುಟುಂಬ ಹೊರಟು ಹೋಗಿತ್ತು. ಹಿಂದಿನ ವಾರ ಒಬ್ಬರು ಕಡಿಮೆ ಬಿದ್ದು, ಆಡದೆಯೇ ಸೋತಿದ್ದರು. ಈ ಶುಕ್ರವಾರವೂ ಹಾಗೇ ಆದರೆ ತಂಡವನ್ನು ಈ ಸಲದ ಪಂದ್ಯಗಳಿಂದ ಕೈಬಿಡುತ್ತಾರೆ. ಅದಕ್ಕೇ ಆದ್ಯಾ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಎಂದು ಶ್ವೇತಾ ಹೇಳಿದಳು. ನನ್ನ ಮೂಗು ಮುರಿಯುವಿಕೆ ಅಲ್ಲಿಗೆ ನಿಂತಿತು. ಆಟವಾಡಲು ಸಿದ್ಧವಿರುವ ಮಗುವನ್ನು ಆಡಬೇಡ ಎಂದು ಮನೆಗೆ ಕಳಿಸುವುದನ್ನು ನಾನು ಯಾವತ್ತೂ ಸಹಿಸಿದವಳಲ್ಲ.

ಬೇಲಿಯ ಪಕ್ಕ: ಅಬು ಯೂಸುಫರ ಚಹಾ

ತಂಡದ ತರಬೇತುದಾರರು ಅಬು ಯೂಸುಫ್. ಎಪ್ಪತ್ತು ದಾಟಿದ ಕುವೈತಿ. ಉದ್ದನೆಯ ಬಿಳಿ ಅಂಗಿ, ತಲೆಗೆ ಮಾತ್ರ ಬೇಸ್‌ಬಾಲ್ ಟೋಪಿ. ಅವರ ತಂದೆ ಹಡಗಿನಲ್ಲಿ ಖರ್ಜೂರ ತುಂಬಿಕೊಂಡು ಮುಂಬೈಗೆ ಹೋಗಿ ಬರುತ್ತಿದ್ದವರಂತೆ. ಹಾಗಾಗಿ ಅಬು ಯೂಸುಫರಿಗೆ ಹಿಂದಿ ಬರುತ್ತದೆ, ನನಗಿಂತ ಚೆನ್ನಾಗಿಯೇ ಬರುತ್ತದೆ. ಬೆಂಚಿನಲ್ಲಿ ಕೂತ ಕಿತ್ತಳೆ ಜಾಕೆಟ್ಟಿನ ಮುದುಕಿಯನ್ನು ಎಬ್ಬಿಸುವ ಬದಲು ಫ್ಲಾಸ್ಕಿನಿಂದ ಏಲಕ್ಕಿ ಹಾಕಿದ ಚಹಾ ಬಗ್ಗಿಸಿ ಕೊಟ್ಟರು. ಒಂದು ಲೋಟ ಮುಗಿಸಿ ಕೆಳಗಿಟ್ಟರೆ ಇನ್ನೊಂದು ಬರುತ್ತದೆ. ಸಾಕೆಂದರೆ ಲೋಟವನ್ನು ಅಲ್ಲಾಡಿಸಬೇಕು ಎಂಬುದು ನನಗೆ ಗೊತ್ತಾದದ್ದು ನಾಲ್ಕನೇ ಲೋಟಕ್ಕೆ.

"ನಾನು ಹುಡುಗನಾಗಿದ್ದಾಗ ಈ ನೆಲ ಕಪ್ಪಗಿತ್ತು, ಟೀಚರ್" ಎಂದರು. "ಮರಳು ಹಾರಬಾರದು ಅಂತ ಕಚ್ಚಾ ಎಣ್ಣೆ ಸುರೀತಿದ್ರು. ಜಾರಿ ಬಿದ್ದರೆ ಮೊಣಕಾಲು ಕಪ್ಪು, ಅಮ್ಮನ ಕೈಯಲ್ಲಿ ಏಟು."

ಈಗ ಅದೇ ನೆಲದ ಮೇಲೆ ಪ್ಲಾಸ್ಟಿಕ್ಕಿನ ಹಸಿರು ಹುಲ್ಲು. ಆಗ ಮರದ ಬ್ಯಾಟು. ಇಲ್ಲಿನ ಒಣಹವೆಗೆ ಸೀಳಿದರೆ ಮೊಳೆ ಹೊಡೆದು ಟೇಪು ಸುತ್ತಿ ಆಡುತ್ತಿದ್ದರಂತೆ. ಈಗ ಠಣ್ ಎನ್ನುವ ಲೋಹದ ಬ್ಯಾಟು. ಆಗ ತಲೆಗೆ ಟೋಪಿ, ಅಷ್ಟೇ. ಈಗ ಮಕ್ಕಳು ಹೆಲ್ಮೆಟ್ ಇಲ್ಲದೆ ಬ್ಯಾಟು ಮುಟ್ಟುವಂತಿಲ್ಲ. ಆದ್ಯಾ ಎಸೆಯುವವಳು. ಅವಳ ಒಂದೊಂದು ಎಸೆತವನ್ನೂ ಶ್ವೇತಾ ಪುಟ್ಟ ಯಂತ್ರದ ಗುಂಡಿಯೊತ್ತಿ ಎಣಿಸುತ್ತಾಳೆ. ಗೊತ್ತುಮಾಡಿದ ಸಂಖ್ಯೆ ಮುಗಿಯಿತೋ, ಎಷ್ಟೇ ಚೆನ್ನಾಗಿ ಎಸೆಯುತ್ತಿದ್ದರೂ ಚೆಂಡನ್ನು ಇನ್ನೊಬ್ಬರಿಗೆ ಕೊಟ್ಟುಬಿಡಬೇಕು.

"ಎಸೆತಕ್ಕೂ ರೇಷನ್ನೇ?" ಎಂದು ನಾನು ನಕ್ಕೆ.

ಅಬು ಯೂಸುಫ್ ಬಲಗೈ ಎತ್ತಿ ತೋರಿಸಿದರು. ಅದು ಭುಜದಿಂದ ಮೇಲಕ್ಕೆ ಏಳಲಿಲ್ಲ. "ನಮ್ಮ ಕಾಲದಲ್ಲಿ ಯಾರೂ ಎಣಿಸಲಿಲ್ಲ" ಎಂದರು. ಇನ್ನೊಂದು, ಮತ್ತೊಂದು ಎಂದು ಮಕ್ಕಳಿಂದ ಎಸೆಸಿದವಳೇ ನಾನೂ.

ಅಮೆರಿಕದ ದೊಡ್ಡ ಪಂದ್ಯಗಳಲ್ಲಿ ಈಗ ಎಸೆಯುವವನ ಎದುರಿಗೆ ಗಡಿಯಾರ ಓಡುತ್ತದಂತೆ, ಎಸೆತ ಸರಿಯೋ ತಪ್ಪೋ ಎಂಬ ಜಗಳಕ್ಕೆ ಕ್ಯಾಮೆರಾ ಬಂದಿದೆಯಂತೆ. ಗಡಿಯಾರ ಅಬು ಯೂಸುಫರಿಗೆ ಒಪ್ಪಿಗೆ. ಕ್ಯಾಮೆರಾದ ಮೇಲೆ ಮಾತ್ರ ಸಿಟ್ಟು. "ಅಂಪೈರ್ ಜೊತೆ ಜಗಳ ಮಾಡೋದೇ ಇಲ್ಲ ಅಂದ್ರೆ ಅದೆಂಥ ಆಟ? ಖಲಾಸ್!"

"ಹಾಗಾದರೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಯಾವುದು?" ಎಂದೆ.

ಅವರು ಬೇಲಿಯ ಕಡೆ ನೋಡಿದರು. ಆಗೆಲ್ಲ ಆಡುತ್ತಿದ್ದವರು ವಿದೇಶಿ ಇಂಜಿನಿಯರುಗಳು, ಅವರ ಗಂಡುಮಕ್ಕಳು. ಊರಿನ ಹುಡುಗರು ಹೊರಗೆ ತಂತಿ ಹಿಡಿದು ನೋಡಬೇಕಿತ್ತು. ಒಂದು ಸಂಜೆ ಒಳಗೆ ಒಬ್ಬ ಕಡಿಮೆ ಬಿದ್ದ. ಜ್ವರವೋ ಏನೋ, ಒಬ್ಬ ಇಂಜಿನಿಯರ್ ಬಂದಿರಲಿಲ್ಲ. ಅವನ ಗೆಳೆಯ ಬೇಲಿಯ ಹತ್ತಿರ ಬಂದು ಈ ಹುಡುಗನಿಗೆ ಬೆರಳು ತೋರಿಸಿ ಕರೆದು, ಬಾರದವನ ಅಂಗಿಯನ್ನು ತೊಡಿಸಿದ. ಅಂಗಿ ಮೊಣಕಾಲಿನವರೆಗೆ ಇಳಿಯುತ್ತಿತ್ತು.

"ಮೊದಲ ದಿನ ನಾನು ಬಲಕ್ಕೆ, ಮೊದಲ ಬೇಸಿಗೆ ಓಡೋ ಬದಲು ಎಡಕ್ಕೆ ಓಡಿಬಿಟ್ಟೆ, ಮೂರನೇ ಬೇಸಿಗೆ. ಎಲ್ಲರೂ ನಕ್ಕರು. ಆದರೆ ಮರುದಿನವೂ ಕರೆದರು. ಆಮೇಲೆ ಇನ್ನೊಂದು ಸಲ ಒಬ್ಬ ಕಡಿಮೆ ಬಿದ್ದ, ಫಿಲಿಪಿನೋ ಅಡುಗೆಯವನ ಮಗ ಬಂದ. ಮತ್ತೊಮ್ಮೆ ಕಡಿಮೆ ಬಿದ್ದಾಗ ಒಂದು ಹುಡುಗಿ. ಈಗ ನೋಡಿ, ನಿಮ್ಮ ಆದ್ಯಾ." ಚಹಾ ಗುಟುಕರಿಸಿ ಮತ್ತೆ ಹೇಳಿದರು, "ನಿಯಮಗಳೆಲ್ಲ ಅಮೆರಿಕದಿಂದ ಬಂದವು, ಟೀಚರ್. ಗೇಟು ತೆರೆದದ್ದು ಮಾತ್ರ ಒಬ್ಬರು ಕಡಿಮೆ ಬಿದ್ದಾಗ."

ಆ ಮಾತು ನನ್ನ ಮನಸ್ಸಿಗೆ ಹಿಡಿಸಿತು. ಈಗಲೂ ಒಬ್ಬರು ಕಡಿಮೆಯಿದ್ದರು. ಗೇಟಿನ ಹೊರಗೆ ಯಾರೂ ನಿಂತಿರಲಿಲ್ಲ ಎಂಬುದೇ ಕಷ್ಟ. ಹೊರಗಿನ ಮಕ್ಕಳೆಲ್ಲ ಈಗ ಮನೆಯೊಳಗೆ ಫೋನು ಹಿಡಿದು ಕೂತಿದ್ದಾರೆ.

ಮೈದಾನ್ ಹವಲ್ಲಿ: ಕಾರಿಡಾರಿನ ವಿಕೆಟ್ಟು

ಎಲ್ಲರೂ ಕೂತಿಲ್ಲ ಎಂದು ಗೊತ್ತಾದದ್ದು ಮರುದಿನ. ಶ್ವೇತಾಳ ಜೊತೆ ಕೆಲಸ ಮಾಡುವ ನರ್ಸ್ ಲವೀನಾ ನಮ್ಮನ್ನು ಊಟಕ್ಕೆ ಕರೆದಿದ್ದಳು. ಮಂಗಳೂರಿನ ಕೊಂಕಣಿ ಕ್ರೈಸ್ತ ಕುಟುಂಬ, ಮೈದಾನ್ ಹವಲ್ಲಿಯ ಕಿಕ್ಕಿರಿದ ಕಟ್ಟಡವೊಂದರಲ್ಲಿ ಮನೆ. ಲಿಫ್ಟಿನ ಬಾಗಿಲು ತೆರೆಯುತ್ತಿದ್ದಂತೆ ಟೆನಿಸ್ ಚೆಂಡೊಂದು ಬಂದು ಹರೀಶನ ಹೊಟ್ಟೆಗೆ ಬಡಿಯಿತು.

ಕಾರಿಡಾರಿನಲ್ಲಿ ಕ್ರಿಕೆಟ್ ನಡೆಯುತ್ತಿತ್ತು. ತುದಿಯ ಮನೆಯ ಬಾಗಿಲೇ ವಿಕೆಟ್ಟು. ಚೆಂಡು ತಾಗಿದಾಗಲೆಲ್ಲ ಒಳಗಿನಿಂದ ಮಲಯಾಳಂನಲ್ಲಿ ಬೈಗುಳ. ಎರಡೂ ಗೋಡೆಗೆ ಬಡಿದು ದಿಕ್ಕು ತಪ್ಪಿ ಬಂದ ಚೆಂಡನ್ನು ಒಬ್ಬಳು ಹುಡುಗಿ ಅಲ್ಲಾಡದೆ ಎರಡು ಕೈಯಲ್ಲಿ ಹಿಡಿದಳು. ಲವೀನಾಳ ಮಗಳು ಜೋಸ್ಲಿನ್, ಹನ್ನೊಂದು ವರ್ಷ. ಆದ್ಯಾ ನನ್ನ ಕೈ ಚಿವುಟಿದಳು. ನಾನೂ ಅದನ್ನೇ ಯೋಚಿಸುತ್ತಿದ್ದೆ.

ಊಟಕ್ಕೆ ಕೂತಾಗ ಜೋಸ್ಲಿನ್‌ಳನ್ನು ಆಟಕ್ಕೆ ಕಳಿಸುವ ವಿಷಯ ಎತ್ತಿದೆ. ಲವೀನಾ ಸಾರಿನ ಸೌಟು ಹಿಡಿದವಳು ಹಾಗೇ ನಿಂತಳು.

"ಶುಕ್ರವಾರವಾ ಟೀಚರ್? ಶುಕ್ರವಾರ ನಮಗೆ ಚರ್ಚಿನಲ್ಲಿ ಬಲಿಪೂಜೆ, ಅದಾದ ಮೇಲೆ ಇವಳಿಗೆ ಕ್ಯಾಟೆಕಿಸಂ ಕ್ಲಾಸ್. ಅದು ತಪ್ಪಿಸ್ಲಿಕ್ಕೆ ಆಗುದಿಲ್ಲ."

ಕುವೈತಿನಲ್ಲಿ ಭಾನುವಾರ ದುಡಿಯುವ ದಿನ. ಹಾಗಾಗಿ ಊರಿನ ಭಾನುವಾರದ ಚರ್ಚು, ಧರ್ಮಪಾಠ, ಮಾಂಸದ ಅಡುಗೆ ಎಲ್ಲವೂ ಇಲ್ಲಿ ಶುಕ್ರವಾರಕ್ಕೆ ಬಂದು ಕೂತಿವೆ. ಆಟ ಇದ್ದದ್ದು ಮಧ್ಯಾಹ್ನದ ಮೇಲೆ. ಕ್ಲಾಸು ಮುಗಿಸಿಯೇ ಬರಬಹುದಲ್ಲ ಎಂದೆ.

"ಅದು ಸರಿ, ಆದ್ರೆ ಮುಖಕ್ಕೆ ಚೆಂಡು ಬಡಿದ್ರೆ? ಹುಡುಗಿ ಅಲ್ವಾ ಟೀಚರ್?"

"ಹೆಲ್ಮೆಟ್ ಕೊಡ್ತಾರೆ ಲವೀನಾ. ನಿಮ್ಮ ಕಾರಿಡಾರಿನಲ್ಲಿ ಏನು ಕೊಡ್ತೀರಿ?"

ಹರೀಶ ಹೊಟ್ಟೆ ಸವರಿಕೊಂಡ. ಲವೀನಾ ನಕ್ಕಳು. ಜೋಸ್ಲಿನ್ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಕಾರಿಡಾರಿನಲ್ಲಿ ದೊಡ್ಡ ಹುಡುಗರು ಅವಳಿಗೆ ಬ್ಯಾಟಿಂಗ್ ಕೊಡುವುದು ಎಲ್ಲರದೂ ಮುಗಿದ ಮೇಲೆ ಎಂದು ಆದ್ಯಾ ಆಮೇಲೆ ಹೇಳಿದಳು.

"ಒಂದು ಸಲ ಮಾತ್ರ, ಆಯ್ತಾ?" ಎಂದಳು ಲವೀನಾ.

ಊಟದ ನಂತರ ನಾನೇ ಕಾರಿಡಾರಿನಲ್ಲಿ ನಿಂತು ಜೋಸ್ಲಿನ್‌ಗೆ ಅಭ್ಯಾಸ ಮಾಡಿಸಿದೆ. ಹುಡುಗಿ ಹೊಡೆದು ಓಡಿ, ಬ್ಯಾಟನ್ನು ಮುಂದೆ ಚಾಚಿ ನೆಲಕ್ಕೆ ಊರಿದಾಗ "ಭೇಷ್! ಹಾಗೇ ಬಗ್ಗಿ ಊರು!" ಎಂದು ಹುರಿದುಂಬಿಸಿದೆ. ನಾನು ಏನು ಕಲಿಸುತ್ತಿದ್ದೇನೆ ಎಂಬುದು ನನಗಾಗಲಿ, ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದ ಹರೀಶನಿಗಾಗಲಿ ಹೊಳೆಯಲೇ ಇಲ್ಲ.

ಶುವೈಖ್: ಇನ್ನೊಂದು ಕೈ ಎಲ್ಲಿ?

ಜೋಸ್ಲಿನ್‌ಗೆ ಕೊಡಲು ಚೆಂಡು ಹಿಡಿಯಲು ತೊಡುವ ಆದ್ಯಾಳ ಹಳೆಯ ಚರ್ಮದ ಕೈಗವಸು ಇತ್ತು. ಹೆಬ್ಬೆರಳಿನ ಹತ್ತಿರ ಹರಿದು ಬಾಯಿ ಬಿಟ್ಟಿತ್ತು. ಹರೀಶ ನನ್ನನ್ನು ಶುವೈಖ್‌ಗೆ ಕರೆದುಕೊಂಡು ಹೋದ. ಬಂದರಿನ ಪಕ್ಕದ ಆ ಬೀದಿಗಳಲ್ಲಿ ಎತ್ತ ನೋಡಿದರೂ ಗ್ಯಾರೇಜು, ಬಿಚ್ಚಿಟ್ಟ ಇಂಜಿನ್ನು, ಎಣ್ಣೆ ಕೈಯವರು. ಕಾರಿನ ಸೀಟು ಹೊಲಿಯುವ ಅಂಗಡಿಯೊಂದರ ಪೇಶಾವರದ ಹಿರಿಯರು ಕೈಗವಸನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇನ್ನೊಂದು ಕೈ ಎಲ್ಲಿ ಭಾಯಿ?"

"ಒಂದೇ ಇರುದು ಚಾಚಾ. ಇನ್ನೊಂದು ಕೈ ಖಾಲಿ" ಎಂದು ಹರೀಶ ಹಿಂದಿಯಲ್ಲಿ ವಿವರಿಸಿದ.

ಅವರಿಗೆ ನಂಬಿಕೆ ಬರಲಿಲ್ಲ. ಒಲೆಯಿಂದ ಪಾತ್ರೆ ಇಳಿಸುವ ಕವಸು ಇದು, ಜೋಡಿಯಲ್ಲಿ ಒಂದನ್ನು ಈ ಹೆಂಗಸು ಕಳೆದು ಹಾಕಿದ್ದಾಳೆ ಎಂದು ತೀರ್ಮಾನಿಸಿ ನನ್ನ ಕಡೆ ಕನಿಕರದಿಂದ ನೋಡಿದರು. ಹೊಲಿಗೆ ಮಾತ್ರ ಲಾರಿ ಎಳೆದರೂ ಬಿಚ್ಚದ ಹಾಗಿತ್ತು. ಇನ್ನೊಂದು ಸಿಕ್ಕರೆ ಅದನ್ನೂ ತನ್ನಿ ಎಂದು ಹೇಳಿ ಕಳಿಸಿದರು.

ಮತ್ತೆ ಅಹ್ಮದಿ: ಶುಕ್ರವಾರ

ಆಟ ಶುರುವಾಗುವ ಹೊತ್ತು ಹತ್ತಿರವಾದರೂ ಜೋಸ್ಲಿನ್ ಇಲ್ಲ. ಎಂಟು ಮಕ್ಕಳು ಗೇಟಿನ ಕಡೆಯೇ ನೋಡುತ್ತ ನಿಂತಿದ್ದರು. ಆದ್ಯಾ ಉಗುರು ಕಚ್ಚುತ್ತಿದ್ದಳು. ಅಂಪೈರ್ ಕೈಗಡಿಯಾರ ನೋಡಿಕೊಂಡ. ಅಬು ಯೂಸುಫ್ ಅವನಿಗೆ ಚಹಾ ಬಗ್ಗಿಸಿ ಕೊಟ್ಟರು. ಅವನು ಕುಡಿದು ಲೋಟ ಕೆಳಗಿಟ್ಟ, ಇವರು ಇನ್ನೊಂದು ಬಗ್ಗಿಸಿದರು. ಆ ಲೋಟ ಮುಗಿಯುವ ಮೊದಲೇ ಕಾರು ಬಂದು ನಿಂತಿತು. ಬಿಳಿ ಫ್ರಾಕು, ತಲೆಗೆ ರಿಬ್ಬನ್ನು, ಕಾಲಿಗೆ ಓಟದ ಬೂಟು ಹಾಕಿಕೊಂಡ ಜೋಸ್ಲಿನ್ ಇಳಿದು ಓಡಿ ಬಂದಳು. ಹಿಂದೆಯೇ ಲವೀನಾ, "ಪಾದ್ರಿಯವರ ಪಾಠ ಇವತ್ತೇ ಉದ್ದ ಆದದ್ದು ಮಾರಾಯ್ರೆ!" ಎನ್ನುತ್ತ ಬಂದಳು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಫ್ರಾಕಿನ ಮೇಲೆಯೇ ಹಳದಿ ಅಂಗಿ ಹಾಕಿಸಿ, ಕೆಳಗೆ ಆದ್ಯಾಳ ಪ್ಯಾಂಟು ತೊಡಿಸಿದ್ದಾಯಿತು. ಆಟ ಶುರುವಾಯಿತು.

ಜೋಸ್ಲಿನ್‌ಳ ಸರದಿ ಬಂದಾಗ ಅವಳು ಮೊದಲ ಎಸೆತವನ್ನೇ ಬಲವಾಗಿ ಹೊಡೆದಳು. ಚೆಂಡು ಇಬ್ಬರ ನಡುವೆ ನುಗ್ಗಿ ದೂರ ಹೋಯಿತು. ನಾವೆಲ್ಲ ಎದ್ದು ನಿಂತೆವು. ಹುಡುಗಿ ಬ್ಯಾಟು ಹಿಡಿದೇ ಓಡಿದಳು. ಮೊದಲ ಬೇಸಿನ ಹತ್ತಿರ ಬಗ್ಗಿ, ಕೈ ಚಾಚಿ, ಬ್ಯಾಟಿನ ತುದಿಯನ್ನು ಅದಕ್ಕೆ ಅಚ್ಚುಕಟ್ಟಾಗಿ ಊರಿದಳು. ಆಮೇಲೆ ಗಿರಕ್ಕನೆ ತಿರುಗಿ, ಎರಡನೇ ರನ್ನಿಗೆಂದು ಹೊರಟ ಜಾಗಕ್ಕೇ ವಾಪಸು ಓಡತೊಡಗಿದಳು!

"ನೋ! ನೋ!" ಎಂದು ಹಳದಿ ಅಂಗಿಗಳೆಲ್ಲ ಕಿರುಚಿದವು. ಬೇಸನ್ನು ಮುಟ್ಟಬೇಕಾದದ್ದು ಕಾಲು, ಬ್ಯಾಟಲ್ಲ. ಚೆಂಡು ಬಂದು ಬೇಸಿನಲ್ಲಿದ್ದವನ ಕೈ ಸೇರಿತು. ಔಟ್.

ಜೋಸ್ಲಿನ್ ನಡುದಾರಿಯಲ್ಲಿ ಬ್ಯಾಟು ಹಿಡಿದು ನಿಂತಳು. ಎದುರು ತಂಡದವರು ನಕ್ಕರು. ಅವಳು ಬೆಂಚಿಗೆ ಬಂದು ಹೆಲ್ಮೆಟ್ ತೆಗೆಯದೆ ತಲೆ ತಗ್ಗಿಸಿ ಕೂತಳು. ಹೆಲ್ಮೆಟ್ಟಿನೊಳಗಿಂದ ಬಿಕ್ಕುವ ಸದ್ದು ಬಂತು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಅದು ಅವಳ ತಪ್ಪಲ್ಲ, ಹಾಗೇ ಬಗ್ಗಿ ಊರು ಎಂದು ಕಲಿಸಿದವಳು ನಾನು ಎಂದು ಅಬು ಯೂಸುಫರಿಗೆ ಹೇಳಿದೆ.

ಅವರು ಜೋಸ್ಲಿನ್ ಮುಂದೆ ಮೊಣಕಾಲೂರಿ ಕೂತು, ಹಿಂದಿಯಲ್ಲಿ ಕೇಳಿದರು. "ನಾನು ಮೊದಲ ದಿನ ಯಾವ ಕಡೆ ಓಡಿದೆ ಗೊತ್ತಾ?" ಎಡಗಡೆಗೆ ಕೈ ತೋರಿಸಿದರು. ಹುಡುಗಿ ಅತ್ತ ನೋಡಿದಳು, ಆಮೇಲೆ ಅವರನ್ನು ನೋಡಿದಳು. "ಅಷ್ಟು ದಡ್ಡರಾ ನೀವು?" ಎಂದು ಅವಳೂ ಹಿಂದಿಯಲ್ಲೇ ಕೇಳಿದಳು. ಅಬು ಯೂಸುಫ್ ಗಹಗಹಿಸಿ ನಕ್ಕರು. "ನಿನಗಿಂತ ಜಾಸ್ತಿ! ಯಲ್ಲಾ, ಏಳು."

ಕೊನೆಯ ಸುತ್ತಿನ ಹೊತ್ತಿಗೆ ನಾವು ಹಿಂದಿದ್ದೆವು. ಆದ್ಯಾಳ ಎಸೆತದ ರೇಷನ್ ಮುಗಿದು, ಅವಳು ಚೆಂಡನ್ನು ಗೆಳೆಯನಿಗೆ ಕೊಟ್ಟು ಬೇಸಿನ ಹತ್ತಿರ ನಿಂತಿದ್ದಳು. ಎದುರಿನವನೊಬ್ಬ ಎತ್ತಿ ಹೊಡೆದ ಚೆಂಡು ಆಕಾಶಕ್ಕೇರಿ ಜೋಸ್ಲಿನ್ ನಿಂತಿದ್ದ ಮೂಲೆಯ ಕಡೆ ಇಳಿಯತೊಡಗಿತು. ಅವಳು ಮೇಲೆ ನೋಡುತ್ತಲೇ ಓಡಿದಳು. ಓಡುತ್ತ ಓಡುತ್ತ, ನಾವು ಲಾರಿ ಎಳೆಯುವಷ್ಟು ಗಟ್ಟಿಯಾಗಿ ಹೊಲಿಸಿದ್ದ ಕೈಗವಸನ್ನು ಕಿತ್ತು ನೆಲಕ್ಕೆ ಬೀಳಿಸಿದಳು. ಹರೀಶ "ಅಯ್ಯೋ ದೇವರೇ" ಎಂದ. ಲವೀನಾ ಶಿಲುಬೆಯ ಗುರುತು ಮಾಡಿಕೊಂಡಳು.

ಎರಡೂ ಬರಿಗೈ ಎದೆಯ ಮುಂದೆ ಬೊಗಸೆಯಾದವು. ಚೆಂಡು ಬಂದು ಕೂತಿತು. ಅವಳು ಅದನ್ನು ಬಿಡಲಿಲ್ಲ.

ಅಂಪೈರ್ ಮುಷ್ಟಿಯೆತ್ತಿ ಔಟ್ ಎಂದ. ಮೊದಲು ನಕ್ಕವರೇ ಈಗ ಚಪ್ಪಾಳೆ ತಟ್ಟಿದರು. ಜೋಸ್ಲಿನ್ ಅಂಗೈ ಕೆಂಪಗಾಗಿತ್ತು. ಅದನ್ನು ಎಲ್ಲರಿಗೂ ತೋರಿಸುತ್ತ ಓಡಾಡಿದಳು. ಮುಂದಿನ ಸಲ ಕೈಗವಸಿನಲ್ಲೇ ಹಿಡಿಯಬೇಕು ಎಂದು ಅಬು ಯೂಸುಫ್ ಗದರಿಸಿದರು. ಗದರುವಾಗಲೂ ಅವರ ಮೀಸೆಯ ಕೆಳಗೆ ನಗುವಿತ್ತು.

ನಾವು ಸೋತೆವು. ಬೇಸರವಾದದ್ದು ನನಗೊಬ್ಬಳಿಗೇ. ಕಾರಿನಲ್ಲಿ ನಾನು ಮುಖ ಊದಿಸಿಕೊಂಡು ಕೂತಿದ್ದಾಗ ಆದ್ಯಾ ನನ್ನ ಹೆಗಲಿಗೆ ತಲೆಯಿಟ್ಟು, "ಬಟ್ ವಿ ಪ್ಲೇಡ್, ಅಜ್ಜಿ" ಎಂದಳು. ಮನೆಗೆ ಬಂದು ಎರಡು ತಟ್ಟೆ ಬಿಸಿಬೇಳೆ ಭಾತ್ ತಿಂದಳು.

ಹೊರಡುವ ಮುನ್ನ

ನಾನು ಊರಿಗೆ ಹೊರಡುವ ಮುಂಚಿನ ಶುಕ್ರವಾರ ಮತ್ತೆ ಆಟವಿತ್ತು. 'ಒಂದು ಸಲ ಮಾತ್ರ' ಎಂದಿದ್ದ ಲವೀನಾ ಈ ಸಲ ಬರುತ್ತಾಳೋ ಇಲ್ಲವೋ ಎಂದು ಯಾರೂ ಬಾಯಿ ಬಿಟ್ಟು ಕೇಳಿರಲಿಲ್ಲ. ನಾನು ಎಂದಿನಂತೆ ಬೆಂಚಿನಲ್ಲಿ ಜಾಕೆಟ್ಟಿನೊಳಗೆ ಮುದುಡಿಕೊಂಡು ಕೂತು ಗೇಟಿನ ಕಡೆ ಕಣ್ಣು ನೆಟ್ಟಿದ್ದೆ.

ಕಾರು ಬಂತು. ಜೋಸ್ಲಿನ್ ಇಳಿದಳು. ಅವಳ ಹಿಂದೆ ಅವಳ ಅಣ್ಣ ಇಳಿದ. ಅವನ ಹಿಂದೆ, ಬಾಗಿಲನ್ನೇ ವಿಕೆಟ್ಟು ಮಾಡಿಸಿಕೊಂಡಿದ್ದ ಆ ಮಲಯಾಳಿ ಮನೆಯ ಮಗಳು ಇಳಿದಳು.

"ಇವರೂ ಬರ್ತೇವೆ ಅಂತ ಹಠ ಮಾಡಿದ್ದು ಟೀಚರ್" ಎಂದಳು ಲವೀನಾ. "ಜೋಸ್ಲಿನ್ ವಾರವಿಡೀ ಕಾರಿಡಾರಿನಲ್ಲಿ ಬ್ಯಾಟು ಬಿಸಾಡಿ ಓಡುದೇ ಓಡುದು. ಈಗ ಅಲ್ಲಿ ಎಲ್ಲರಿಗಿಂತ ಮೊದಲು ಇವಳದ್ದೇ ಬ್ಯಾಟಿಂಗ್."

ಅಬು ಯೂಸುಫ್ ಬೆರಳು ಮಡಿಚಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಹನ್ನೊಂದು. "ಟೀಚರ್, ನೀವು ಕ್ರಿಕೆಟ್ ತಂಡ ಕಟ್ಟಿಬಿಟ್ಟಿರಲ್ಲ!" ಎಂದು ನನ್ನ ಕಡೆ ಕೂಗಿದರು.

ಹೊಸಬರಿಗೆ ಹಳದಿ ಅಂಗಿ ಒಂದೇ ಉಳಿದಿತ್ತು, ಅದನ್ನು ಅಣ್ಣ ಹಾಕಿಕೊಂಡ. ಅಬು ಯೂಸುಫ್ ತಮ್ಮ ಕಾರಿನ ಡಿಕ್ಕಿ ತೆರೆದು ಒಂದು ಬಟ್ಟೆಯ ಗಂಟು ಬಿಚ್ಚಿದರು. ಅದರಿಂದ ದಪ್ಪ ಹತ್ತಿಯ, ಬಣ್ಣ ಮಾಸಿದ, ದೊಡ್ಡವರ ಅಂಗಿಯೊಂದನ್ನು ತೆಗೆದರು. ಅದರ ಅಂಚಿನಲ್ಲಿ ಹೋಗದ ಕಪ್ಪು ಎಣ್ಣೆಯ ಕಲೆ. ಅದು ಯಾವ ಅಂಗಿ ಎಂದು ನಾನು ಕೇಳಬೇಕಾಗಿರಲಿಲ್ಲ. ಆ ಪುಟ್ಟ ಮಲಯಾಳಿ ಹುಡುಗಿಗೆ ಅದನ್ನು ತೊಡಿಸಿ, ತೋಳು ಮಡಚಿದರು. ಅಂಗಿ ಅವಳ ಮೊಣಕಾಲಿನವರೆಗೆ ಇಳಿಯಿತು. ನನಗೆ ಕಣ್ಣು ತುಂಬಿ ಬಂತು, ಗಾಳಿಯ ಮೇಲೆ ತಪ್ಪು ಹೊರಿಸಿದೆ.

ಒಂಬತ್ತು ಮಕ್ಕಳು ಮೈದಾನಕ್ಕೆ ಇಳಿದರು. ಉಳಿದ ಇಬ್ಬರು ಬೆಂಚಿನ ಹತ್ತಿರ ಬಂದು ನಿಂತರು, ಬೆಂಚಿನ ತುಂಬ ನಾನು, ನನ್ನ ಜಾಕೆಟ್ಟು, ನನ್ನ ಚೀಲ, ಚಹಾದ ಲೋಟ.

"ಮಾಫ್ ಕರೋ ಟೀಚರ್" ಎಂದರು ಅಬು ಯೂಸುಫ್. "ಏಳಬೇಕು. ಇವತ್ತು ಇಲ್ಲಿ ಜಾಗ ಇಲ್ಲ."

ಆ ಮಾತನ್ನು ಎಷ್ಟೋ ಕಾಲದ ನಂತರ ಹೇಳುತ್ತಿರುವ ಸಂತೋಷ ಅವರ ದನಿಯಲ್ಲಿತ್ತು. ನಾನು ಚೀಲ ಎತ್ತಿಕೊಂಡು, ಲೋಟವನ್ನು ಅಲ್ಲಾಡಿಸಿ ಅವರ ಕೈಗಿಟ್ಟು, ಗೇಟು ದಾಟಿ ಹೊರಗೆ ಬಂದೆ. ಬೇಲಿಯ ತಂತಿ ಕೈಗೆ ತಣ್ಣಗಿತ್ತು. ಎರಡೂ ಕೈಯಲ್ಲಿ ಅದನ್ನು ಹಿಡಿದು ನಿಂತು ಆಟ ನೋಡಿದೆ.